ಗಿರಿಯಣ್ಣನ ಮಂದೆ ಬಡಿತ

ಮೂಡಲಗಿರಿಯಪ್ಪ ಅನ್ನುವ ಹೆಸರಿಟ್ಟುಕೊಂಡು ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಮನುಷ್ಯ ಚಿತ್ರದುರ್ಗ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ವೇದಿಕೆಯ ಮೇಲೆ ನಿಂತು ಆ ಹೆಸರನ್ನು ವರ್ಷಗಟ್ಟಲೆ ಕೂಗಿದವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ದೇವಿಕಾ ಮೇಡಂ ಅಂದರೆ ನಮ್ಮ ಬೀದಿಗೆ ಗೊತ್ತು. ‘ಏಳುಸುತ್ತು’ ಬ್ಯಾಂಡಿನ ನಿರೂಪಕಿ ಅಂದರೆ ಜಿಲ್ಲೆಗೇ ಗೊತ್ತು. “ಡ್ರಮ್ಸ್‌ನಲ್ಲಿ, ಮದಕರಿಪುರದ ಮೂಡಲಗಿರಿಯಪ್ಪ!” ಅಂತ ನಾನು ಕೂಗಿದಾಗ ಹೊಸಬರು ಕಿಸಕ್ಕನೆ ನಗುತ್ತಿದ್ದರು. ಅವನು ಬಾರಿಸಲು ಶುರು ಮಾಡಿದ ಮೇಲೆ ಆ ನಗು ಎಲ್ಲಿ ಹೋಯಿತೋ ಹುಡುಕಬೇಕಾಗುತ್ತಿತ್ತು.

ಈಗ ಅವನು ಬಾರಿಸುವುದಿಲ್ಲ. ಹೊಳಲ್ಕೆರೆಯಲ್ಲಿ ಆದದ್ದರ ಬಗ್ಗೆ ಪೇಪರಿನವರು ಮೊದಲು ಬರೆದದ್ದು ಒಂದು, ಜನ ಈಗ ಆಡಿಕೊಳ್ಳುತ್ತಿರುವುದು ಇನ್ನೊಂದು. ಎರಡನ್ನೂ ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆದರೆ ನಾನೂ ಎಲ್ಲರ ಹಾಗೆ ಮೆತ್ತಗೆ ಮಾತಾಡಿಬಿಡುತ್ತೇನೆ ಅನ್ನುವ ಭಯ ಇದೆ.

ನಾವೆಲ್ಲ ಗಿರಿಯಣ್ಣ ಅಂತ ಕರೆಯುವ ಅವನು ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ. ಮಂದೆ ಅಂದರೆ ಅವರ ಕಡೆ ಬರೀ ಕುರಿಯ ಗುಂಪಲ್ಲ; ಕತ್ತಲಾಗುವ ಹೊತ್ತಿಗೆ ಯಾರದೋ ಹೊಲದಲ್ಲಿ ಕುರಿಗಳನ್ನು ಕೂಡಿಹಾಕಿ ಬೆಳಗಿನವರೆಗೂ ಕಾಯುವ ಕೆಲಸಕ್ಕೂ ಮಂದೆ ಹಾಕುವುದು ಅನ್ನುತ್ತಾರೆ. ಹೊಲದವನಿಗೆ ಗೊಬ್ಬರ, ಕುರಿಯವನಿಗೆ ಕಾಳು. ಗಿರಿಯಣ್ಣನ ಅಪ್ಪ ಕುರಿ ಕೂಡುವಾಗ ಖಾಲಿ ಎಣ್ಣೆ ಡಬ್ಬ ಬಡಿಯುತ್ತಿದ್ದ. ದಿನಾ ಅದೇ ಡಬ್ಬ, ಅದೇ ಬಡಿತ. ಗುಡ್ಡದ ಆಚೆ ಮೇಯುತ್ತಿರುವ ಕುರಿಯೂ ಆ ಸದ್ದು ಕಿವಿಗೆ ಬಿದ್ದರೆ ತಲೆ ಎತ್ತಿ ತಿರುಗಿ ಬರುತ್ತಿತ್ತು.

ಆ ಬಡಿತಕ್ಕೆ ಇನ್ನೊಂದು ಉಪಯೋಗವೂ ಇತ್ತು. ತೋಳ ಬಂದರೆ, ಚಿರತೆಯ ವಾಸನೆ ಮೂಗಿಗೆ ಬಡಿದರೆ ಮಂದೆ ಬೆದರುತ್ತದೆ. ಬೆದರಿದ ಮಂದೆ ಕಲ್ಲು, ಮುಳ್ಳು, ಬಾವಿ ಯಾವುದನ್ನೂ ನೋಡುವುದಿಲ್ಲ. ಒಂದು ಹಾರಿದ ಕಡೆ ಎಲ್ಲವೂ ಹಾರುತ್ತವೆ. ಆಗ ಮನೆಯವರಲ್ಲಿ ಒಬ್ಬರು ನಡುವೆ ನಿಂತು ಡಬ್ಬ ಬಡಿಯಬೇಕು. ಜೋರಾಗಿ ಅಲ್ಲ, ಅವಸರದಿಂದಲೂ ಅಲ್ಲ. ಏನೂ ಆಗಿಲ್ಲ, ದಿನಾ ಸಂಜೆಯ ಹಾಗೆ ಇದೂ ಒಂದು ಸಂಜೆ ಅನ್ನುವ ಹಾಗೆ, ಒಂದೇ ಸಮ. ಓಡುವ ಕುರಿ ನಿಲ್ಲುತ್ತದೆ, ತಿರುಗುತ್ತದೆ, ಬಂದು ಕೂಡುತ್ತದೆ. “ಏನಾರ ಆಗ್ಲಿ, ಬಡಿಯೋದು ನಿಲ್ಲಿಸಬ್ಯಾಡ” ಅಂತ ಅಪ್ಪ ಹೇಳಿಕೊಟ್ಟಿದ್ದ. ಒಂದು ಸಲ ಗಿರಿಯಣ್ಣ ತೋಳಕ್ಕೆ ಹೆದರಿ ಡಬ್ಬ ಬಿಸಾಕಿ ಓಡಿಹೋದ. ಮಂದೆಯ ಅರ್ಧ ಹಾಳುಬಾವಿಗೆ ಬಿತ್ತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸತ್ತ ಕುರಿಗಳನ್ನು ಹಗ್ಗ ಕಟ್ಟಿ ಎತ್ತುವಾಗ ಮಗನನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿಕೊಂಡ, ಅಷ್ಟೆ. ಹೊಡೆದಿದ್ದರೆ ಮರೆತುಬಿಡುತ್ತಿದ್ದೆ ಅಂತ ಗಿರಿಯಣ್ಣ ಎಷ್ಟೋ ಸಲ ನನ್ನ ಹತ್ತಿರ ಹೇಳಿದ್ದಾನೆ.

ಅವನನ್ನು ಬ್ಯಾಂಡಿಗೆ ಎಳೆದವನು ದಯಾನಂದ. ಕೋರ್ಟಿನ ಗುಮಾಸ್ತರ ಮಗ, ಉದ್ದ ಕೂದಲು ಬಿಟ್ಟುಕೊಂಡು, ಗೆಳೆಯ ರವೀಂದ್ರನ ಗಿಟಾರ್ ಜೊತೆ ಜೋಗಿಮಟ್ಟಿ ಕಡೆಯ ಬಂಡೆಗಳ ಮೇಲೆ ಕೂತು ಕಿರುಚುತ್ತಿದ್ದ. ಹಾಡುತ್ತಿದ್ದ ಅನ್ನಬೇಕು, ಆದರೆ ಆಗ ಅದು ಕಿರುಚಾಟವೇ. ಒಂದು ಸಂಜೆ ಕೆಳಗಿನ ಹೊಲದಿಂದ ಡಬ್ಬದ ಸದ್ದು ಬಂತು. ರವೀಂದ್ರ ಸುಮ್ಮನೆ ಅದಕ್ಕೆ ತಂತಿ ಮೀಟಿದ. ದಯಾನಂದನ ಕಿರುಚಾಟ ಮೊದಲ ಸಲ ಹಾಡಾಯಿತು. ಇಬ್ಬರೂ ಬಂಡೆ ಇಳಿದು ಹೋಗಿ ನೋಡಿದರೆ, ಕಂಬಳಿ ಹೊದ್ದ ಹುಡುಗನೊಬ್ಬ ಕುರಿಗಳ ನಡುವೆ ನಿಂತಿದ್ದ.

ಹಾಗೆ ಶುರುವಾದದ್ದು ‘ಏಳುಸುತ್ತು’. ಅವರ ಕ್ಯಾಸೆಟ್ಟಿನಲ್ಲಿ ‘ಮಂದೆ’ ಅನ್ನುವ ಹಾಡು ಇತ್ತು. ಕನ್ನಡ ಮೇಡಂ ಆಗಿ ಹೇಳುತ್ತೇನೆ, ಅದರ ಸಾಹಿತ್ಯ ಅಂಥ ದೊಡ್ಡದೇನಲ್ಲ. ಆದರೆ ಹಾಡಿಗೆ ಮುಂಚೆ ಗಿರಿಯಣ್ಣ ಒಬ್ಬನೇ ತುಂಬ ಹೊತ್ತು ಬಾರಿಸುತ್ತಿದ್ದ. ಅದೇ ಡಬ್ಬದ ಬಡಿತ, ಈಗ ಡ್ರಮ್ಮಿನ ಮೇಲೆ. ಆ ಕ್ಯಾಸೆಟ್ಟು ಹಾಸ್ಟೆಲ್ಲುಗಳಲ್ಲಿ, ಪ್ರೈವೇಟ್ ಬಸ್ಸುಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಸವೆಯುವವರೆಗೂ ಓಡಿತು. ಕಾರ್ಯಕ್ರಮದಲ್ಲಿ ‘ಮಂದೆ’ಯನ್ನು ಯಾವಾಗಲೂ ಕೊನೆಗೆ ಇಡುತ್ತಿದ್ದೆವು. ಅದನ್ನು ಕೇಳದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಆಚೆ ಟೀ ಕುಡಿಯಲು ಹೋದವರು ಕೂಡ ಬಡಿತ ಕೇಳಿದರೆ ಗ್ಲಾಸು ಇಟ್ಟು ಓಡಿ ಬರುತ್ತಿದ್ದರು. ಅದನ್ನು ನೋಡಿ ನಾವು ಹೆಮ್ಮೆಯಿಂದ ನಗುತ್ತಿದ್ದೆವು.

ಬ್ಯಾಂಡಿಗೆ ನಲವತ್ತು ವರ್ಷ ತುಂಬಿದ್ದಕ್ಕೆ ಹಿರಿಯೂರಿನ ಎರ್ರಿಸ್ವಾಮಿ ಒಂದು ಯೋಜನೆ ಹೊತ್ತು ತಂದ. ಮದುವೆ ಪೆಂಡಾಲಿನಿಂದ ಹಿಡಿದು ರಾಜಕೀಯ ಸಮಾವೇಶದವರೆಗೆ ಎಲ್ಲವನ್ನೂ ಹಾಕಿಸುವ ಆಸಾಮಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಕೊನೆಗೆ ಚಿತ್ರದುರ್ಗ. ಎಲ್ಲವೂ ಸ್ಟೇಡಿಯಂನಲ್ಲಿ, ಟಿಕೆಟ್ ಇಟ್ಟು. ದಯಾನಂದನಿಗೆ ಬ್ಯಾಂಕಿನಿಂದ ನಿವೃತ್ತಿಯಾಗಿತ್ತು, ಕೂದಲೂ ನಿವೃತ್ತಿಯಾಗಿತ್ತು. ಆದರೂ ಕುಣಿದಾಡಿಬಿಟ್ಟ. ಗಿರಿಯಣ್ಣನ ಹೆಂಡತಿ ಚಂದ್ರಕ್ಕ ಮಾತ್ರ ಒಪ್ಪಲಿಲ್ಲ. ದಿನಾ ಸಂಜೆ ಗಂಡನ ಭುಜಕ್ಕೆ ಎಣ್ಣೆ ಹಚ್ಚಿ ತಿಕ್ಕುವವಳು ಅವಳೇ.

“ಸಾಕು ಬಿಡ್ರಿ. ಕೈ ಎತ್ತಾಕಾಗಲ್ಲ, ಮತ್ತೆ ಹೊಡೀತಾರಂತೆ” ಅಂತ ನನ್ನೆದುರಿಗೇ ಅಂದಳು.

“ದುರ್ಗದ ಸ್ಟೇಡಿಯಂನಾಗೆ ಒಂದ್ಸಲ ಮಂದೆ ಬಾರಿಸ್ತೀನಿ, ಅಲ್ಲೇ ಕೋಲು ಇಟ್ಟು ಬರ್ತೀನಿ” ಅಂದ ಗಿರಿಯಣ್ಣ. “ಕುರಿಯೋನು ಏನು ಬಾರಿಸ್ತಾನೆ ಅಂತ ನಕ್ಕಿದ್ದು ಆ ಊರೇ ಅಲ್ವಾ.”

ಅವನಿಗೆ ಬೇಕಾಗಿದ್ದದ್ದು ಅಷ್ಟೆ. ಹೆಚ್ಚಿನದೇನನ್ನೂ ಅವನು ಯಾವತ್ತೂ ಕೇಳಿದವನಲ್ಲ.

ಹಿರಿಯೂರು ಚೆನ್ನಾಗಿ ಆಯಿತು. ಹೊಸದುರ್ಗ ಇನ್ನೂ ಚೆನ್ನಾಗಿ ಆಯಿತು. ಮಾಡದಕೆರೆ ಕಡೆಯಿಂದ ಟ್ರ್ಯಾಕ್ಟರ್ ತುಂಬ ಜನ, ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಹೊಳಲ್ಕೆರೆಯಲ್ಲಿ ಸ್ಟೇಡಿಯಂ ಖಾಲಿ ಇರಲಿಲ್ಲವೋ, ಎರ್ರಿಸ್ವಾಮಿ ಕೇಳಲೇ ಇಲ್ಲವೋ ಗೊತ್ತಿಲ್ಲ. ಊರಾಚೆಯ ಬಯಲೊಂದಕ್ಕೆ ಸುತ್ತ ತಗಡು ಹೊಡೆಸಿ, ಪೋಸ್ಟರಿನಲ್ಲಿ ಸ್ಟೇಡಿಯಂ ಅಂತ ಅಚ್ಚು ಹಾಕಿಸಿದ್ದ. ಎರಡು ಗೇಟು. ಸಂಜೆ ಹೋಗಿ ನೋಡಿದರೆ ಒಂದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು.

“ಆ ಗೇಟು ತೆಗೆಸ್ರಿ. ಇಷ್ಟು ಜನ ಒಂದೇ ಗೇಟಿನಾಗೆ ಹೆಂಗೆ ಹೋಗ್ತಾರೆ?” ಅಂತ ಎರ್ರಿಸ್ವಾಮಿಗೆ ಹೇಳಿದೆ.

“ಏಂ ಮೇಡಂ, ಟಿಕೆಟ್ ಇಲ್ದೋರೆಲ್ಲ ಆ ಕಡೆಯಿಂದ ನುಗ್ತಾ ಅವ್ರೆ. ನೀವು ಮೈಕ್ ನೋಡ್ಕಳ್ರಿ, ಗೇಟು ನಾನು ನೋಡ್ಕಂತೀನಿ.”

ನಾನು ಜಗಳವಾಡಿದೆ. ದಯಾನಂದನನ್ನೂ ಕರೆದು ಹೇಳಿಸಿದೆ. “ಅರ್ಧ ಗಂಟೆ ಬಿಟ್ಟು ತೆಗೆಸ್ತೀನಿ” ಅಂತ ನಗುತ್ತ ಹೋದ ಎರ್ರಿಸ್ವಾಮಿ ವೇದಿಕೆಯ ಹತ್ತಿರ ಮತ್ತೆ ಬರಲೇ ಇಲ್ಲ.

ಕಾರ್ಯಕ್ರಮದ ಮುಕ್ಕಾಲು ಪಾಲು ಮುಗಿದಿತ್ತು. ‘ಮಂದೆ’ಗೆ ಇನ್ನೂ ಮೂರ್ನಾಲ್ಕು ಹಾಡು ಬಾಕಿ. ಎಡಗಡೆ ಲೈಟಿನ ಕಂಬದಲ್ಲಿ ಚಟಚಟ ಅಂತ ಕಿಡಿ ಹಾರಿತು, ಕಂಬ ವಾಲಿತು. “ಕರೆಂಟು! ಕರೆಂಟು!” ಅಂತ ಯಾರೋ ಕೂಗಿದರು. ಸೌಂಡಿನವನು ಹೆದರಿ ಮೇನ್ ಸ್ವಿಚ್ ತೆಗೆದುಬಿಟ್ಟ. ದಯಾನಂದನ ಹಾಡು ಬಾಯಲ್ಲೇ ಉಳಿಯಿತು, ಗಿಟಾರ್ ಸತ್ತಿತು, ನನ್ನ ಕೈಯಲ್ಲಿದ್ದ ಮೈಕ್ ಬರೀ ಕೋಲಾಯಿತು. ನಾನು ಗಂಟಲು ಹರಿಯುವ ಹಾಗೆ “ಓಡಬ್ಯಾಡ್ರಿ, ನಿಂತ್ಕಳ್ರಿ” ಅಂತ ಕೂಗಿದ್ದು ಮೊದಲ ಸಾಲಿಗೂ ಕೇಳಿಸಿರಲಿಕ್ಕಿಲ್ಲ. ಗೇಟಿನ ಹತ್ತಿರದ ದೀಪವೊಂದು ಬೇರೆ ಲೈನಿನಲ್ಲಿ ಉರಿಯುತ್ತಿತ್ತು. ಇಡೀ ಬಯಲಿನ ಜನ ಆ ದೀಪದ ಕಡೆಗೆ ಓಡುತ್ತಿದ್ದರು.

ಆಗ ಹಿಂದಿನಿಂದ ಬಡಿತ ಶುರುವಾಯಿತು.

ತಿರುಗಿ ನೋಡಿದೆ. ಗಿರಿಯಣ್ಣನ ಮುಖ ಸರಿಯಾಗಿ ಕಾಣಲಿಲ್ಲ. ಬೆನ್ನು ನೆಟ್ಟಗಿತ್ತು. ನೋವಿನ ಭುಜ ನೆನಪೇ ಇಲ್ಲದವನ ಹಾಗೆ ಒಂದೇ ಸಮ ಬಾರಿಸುತ್ತಿದ್ದ. ಡ್ರಮ್ಮಿಗೆ ಕರೆಂಟು ಬೇಕಾಗಿಲ್ಲ. ಆ ಗದ್ದಲದಲ್ಲಿ ಗೇಟಿನವರೆಗೂ ಕೇಳುವ ಸದ್ದು ಅದೊಂದೇ ಇತ್ತು. ಅವನು ಏನನ್ನು ನೋಡುತ್ತಿದ್ದ ಅನ್ನುವುದು ನನಗೆ ಆಗಲೇ ಗೊತ್ತಾಯಿತು. ಅವನ ಕಣ್ಣಿಗೆ ಜನ ಕಾಣುತ್ತಿರಲಿಲ್ಲ, ಹಾಳುಬಾವಿಯ ಕಡೆ ಹೊರಟ ಮಂದೆ ಕಾಣುತ್ತಿತ್ತು.

ಓಟ ನಿಂತಿತು, ನಿಜವಾಗಿಯೂ ನಿಂತಿತು. ನಾನು ಕಣ್ಣಾರೆ ನೋಡಿದ್ದೇನೆ. ನಡು ಬಯಲಿನವರು ನಿಂತರು, ತಿರುಗಿದರು, ಕೆಲವರು ಚಪ್ಪಾಳೆಯನ್ನೂ ಹೊಡೆದರು. ನನ್ನ ಕಣ್ಣಲ್ಲಿ ನೀರು ಬಂತು. ಗೇಟಿನಲ್ಲಿ ಏನಾಗುತ್ತಿದೆ ಅನ್ನುವುದು ವೇದಿಕೆಯಿಂದ ನಮಗೆ ಕಾಣಲಿಲ್ಲ.

ಗೇಟಿನಲ್ಲಿ ಒಂದು ಹುಡುಗಿ ಸತ್ತಿತ್ತು. ಹೊರಕೆರೆದೇವಪುರದ ರಮ್ಯಾ, ಡಿಗ್ರಿ ಎರಡನೇ ವರ್ಷ. ಕೈಕಾಲು ಮುರಿದುಕೊಂಡವರು ಆಸ್ಪತ್ರೆಯ ವರಾಂಡ ತುಂಬ ಇದ್ದರು. ಎರ್ರಿಸ್ವಾಮಿಯನ್ನು ಪೊಲೀಸರು ಕರೆದುಕೊಂಡು ಹೋದರು, ವಾರದೊಳಗೆ ಜಾಮೀನಿನ ಮೇಲೆ ವಾಪಸ್ ಬಂದ. ಪೇಪರಿನಲ್ಲಿ ಗಿರಿಯಣ್ಣನ ಫೋಟೋ ಬಂತು: ‘ಡ್ರಮ್ ಬಾರಿಸಿ ನೂರಾರು ಜೀವ ಉಳಿಸಿದ ಕಲಾವಿದ’. ಮದಕರಿಪುರದಲ್ಲಿ ಅವನನ್ನು ಹುಡುಕಿಕೊಂಡು ಬಂದು ಹಾರ ಹಾಕಿದರು. ನಾನೂ ಫೋನ್ ಮಾಡಿ ಹೊಗಳಿದೆ.

ಕೆಲವು ದಿನ ಕಳೆದು ನಮ್ಮ ಸ್ಕೂಲಿಗೇ ಬಂದ. ಸ್ಟಾಫ್ ರೂಮಿನ ಬೆಂಚಿನ ತುದಿಯಲ್ಲಿ ಕೂತು ಚಂದ್ರಕ್ಕನ ಫೋನು ನನ್ನ ಮುಂದೆ ಹಿಡಿದ.

“ಇದನ್ನ ನೋಡು ತಂಗೆಮ್ಮ.”

ಹೊರಗಿನ ಟೀ ಅಂಗಡಿಯಿಂದ ಯಾರೋ ತೆಗೆದ ವಿಡಿಯೋ. ರಸ್ತೆಯ ಮೇಲೆ ತುಂಬ ಜನ. ಒಳಗಿನಿಂದ ತಪ್ಪಿಸಿಕೊಂಡು ಬಂದವರು, ಮೊದಲೇ ಬಸ್ಸಿಗೆಂದು ಹೊರಟವರು. ಎಲ್ಲರೂ ಬಸ್ ಸ್ಟ್ಯಾಂಡ್ ಕಡೆ ಮುಖ ಮಾಡಿದ್ದಾರೆ. ಬಡಿತ ಶುರುವಾಗುತ್ತದೆ. ಒಬ್ಬೊಬ್ಬರೇ ನಿಲ್ಲುತ್ತಾರೆ. “ಮಂದೆ! ಮಂದೆ ಶುರುವಾತು ಬರ್ರೋ!” ಅಂತ ಕೂಗು. ನಗುತ್ತ, ಕೈ ಕೈ ಹಿಡಿದುಕೊಂಡು ಗೇಟಿನ ಕಡೆ ಓಡುತ್ತಾರೆ. ಆ ಹೊತ್ತಿಗೆ ಒಳಗಿನಿಂದ ಹೊರಗೆ ನುಗ್ಗುತ್ತಿದ್ದವರು ಇನ್ನೂ ಗೇಟಿನಲ್ಲೇ ಇದ್ದರು. ಮುಂದಿನದು ನೋಡಲಾಗದೆ ನಾನು ಫೋನು ತಿರುಗಿಸಿ ಇಟ್ಟೆ.

“ಒಳಗಿದ್ದೋರು ನಿಂತ್ರು, ಹೊರಗಿದ್ದೋರು ಬಂದ್ರು” ಅಂದ ಗಿರಿಯಣ್ಣ. “ಮಂದೇಲಿ ಎಲ್ಲ ಒಳಗೇ ಇರ್ತಾವೆ ಕಣಮ್ಮ, ಹೊರಗಿರಾವು ಇರಲ್ಲ. ಅದು ನಂಗೆ ಹೊಳೀಲೇ ಇಲ್ಲ.”

“ಗೇಟಿಗೆ ಬೀಗ ಹಾಕಿದ್ದು ನೀನಾ? ಇನ್ನೊಂದು ಗೇಟು ತೆಗೆದಿದ್ರೆ ಯಾರಿಗೆ ಏನಾಗ್ತಿತ್ತು?” ನನ್ನ ದನಿ ಜೋರಾಯಿತು. ಪಕ್ಕದ ಕ್ಲಾಸಿನ ಮಕ್ಕಳು ಇಣುಕಿ ನೋಡಿದರು. “ನೀನು ಹಿಂಗಂತ ಎಲ್ಲಾದ್ರೂ ಬಾಯಿ ಬಿಟ್ರೆ ಎರ್ರಿಸ್ವಾಮಿ ಬಚಾವಾಗ್ತಾನೆ. ಅದು ಬೇಕಾ ನಿನಗೆ?”

“ಅವನ ವಿಷ್ಯ ನಂಗ್ಯಾಕೆ. ಆ ಹುಡುಗಿ ತಾಯಿ ಕೈಲಿ ನಂಗೆ ಶಾಲು ಹೊದಿಸ್ತಾರಂತೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎರ್ರಿಸ್ವಾಮಿ ಚಿತ್ರದುರ್ಗದ ಕಾರ್ಯಕ್ರಮವನ್ನು ಕೈಬಿಟ್ಟಿರಲಿಲ್ಲ. ಒಂದು ತಿಂಗಳು ಮುಂದಕ್ಕೆ ಹಾಕಿ ಅದಕ್ಕೆ ‘ನಮನ’ ಅಂತ ಹೆಸರಿಟ್ಟಿದ್ದ. ಮೊದಲು ಮೌನಾಚರಣೆ, ಆಮೇಲೆ ಜೀವ ಉಳಿಸಿದ ಕಲಾವಿದನಿಗೆ ಸತ್ತ ಹುಡುಗಿಯ ತಾಯಿಯಿಂದ ಸನ್ಮಾನ, ಕೊನೆಗೆ ‘ಮಂದೆ’. ಮಗಳನ್ನು ಕಳೆದುಕೊಂಡವಳೇ ವೇದಿಕೆ ಹತ್ತಿದ ಮೇಲೆ ಬೀಗದ ಮಾತು ಯಾರು ಎತ್ತುತ್ತಾರೆ? ಬುದ್ಧಿವಂತ. ಆ ಬುದ್ಧಿಗೆ ಬೆಂಕಿ ಬೀಳಲಿ. ತಾಯಿ ಒಪ್ಪಿಕೊಂಡಿದ್ದಳಂತೆ.

“ಗೊತ್ತಿಲ್ದೆ ಹೊದಿಸ್ತಾಳೆ” ಅಂದ ಗಿರಿಯಣ್ಣ. “ಮೊದ್ಲು ಗೊತ್ತಾಗ್ಬೇಕು ತಂಗೆಮ್ಮ. ನಾನೇ ಹೇಳ್ಬೇಕು. ನಂಗೆ ಒಬ್ನಿಗೇ ಹೋಗಾಕೆ ಕಾಲು ಬರ್ತಿಲ್ಲ.”

ಬೇಡ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಭಾನುವಾರ ನನ್ನ ಹಳೇ ಕಾರಿನಲ್ಲಿ ಇಬ್ಬರೂ ಹೊರಕೆರೆದೇವಪುರಕ್ಕೆ ಹೋದೆವು. ಡ್ರಮ್ಮಿನವರಿಗೆ ಬೆರಳಿನಿಂದ ಏನಾದರೂ ಬಡಿಯುವ ಚಾಳಿ ಇರುತ್ತದೆ. ವರ್ಷಗಟ್ಟಲೆ ವ್ಯಾನಿನಲ್ಲಿ ಅವನ ಆ ಟಕಟಕ ಕೇಳಿ ಬೈದಿದ್ದೇನೆ. ಅವತ್ತು ದಾರಿಯುದ್ದಕ್ಕೂ ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ.

ರಮ್ಯಾಳ ತಾಯಿ ಯಲ್ಲಕ್ಕ ಅಂಗನವಾಡಿಯಲ್ಲಿ ಸಹಾಯಕಿ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಇದ್ದವಳು ಮಗಳೊಬ್ಬಳೇ. ನಡುಮನೆಯ ಗೋಡೆಯ ಮೇಲೆ ಹುಡುಗಿಯ ಫೋಟೋ, ಕಾಲೇಜಿನ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದು. ಅದರ ಕೆಳಗಿನ ಗೂಡಿನಲ್ಲಿ ಪ್ಲಾಸ್ಟಿಕ್ ಕವರು ತೆಗೆಯದ ಒಂದು ಶಾಲು. ಎರ್ರಿಸ್ವಾಮಿ ಮೊದಲೇ ಕಳಿಸಿಬಿಟ್ಟಿದ್ದ.

“ಬರ್ರಿ, ಕುಂತ್ಕಳ್ರಿ” ಅಂತ ಚಾಪೆ ಹಾಸಿದಳು. ಗಿರಿಯಣ್ಣನ ಗುರುತು ಹಿಡಿದಳು. “ಪೇಪರಿನಾಗೆ ನೋಡೀನಿ ನಿಮ್ಮನ್ನ. ಎಷ್ಟೋ ಮಕ್ಳ ಜೀವ ಉಳಿಸಿದ್ರಂತೆ. ನನ್ ಮಗ್ಳಿಗೆ ಆಯಸ್ಸಿರ್ಲಿಲ್ಲ. ಆದ್ರೂ ನಿಮ್ಗೊಂದು ಶಾಲು ಹೊದಿಸಾಕೆ ಬರ್ತೀನಿ ಅಂದೀನಿ ಅಣ್ಣ.”

ಗಿರಿಯಣ್ಣ ಹೇಳಲು ಬಾಯಿ ತೆರೆದ. ಅವಳೇ ಮುಂದುವರಿಸಿದಳು. ದುಃಖದ ಮನೆಯವರು ಬಂದವರಿಗೆಲ್ಲ ಅದನ್ನೇ ಮೊದಲಿನಿಂದ ಹೇಳುತ್ತಾರಲ್ಲ, ಹಾಗೆ.

“ನಾನೇ ಕಳಿಸಿದ್ದು. ನಾನು ಹುಡುಗಿಯಾಗಿದ್ದಾಗ ನಿಮ್ಮ ಮಂದೆ ಹಾಡು ಕೇಳಾಕೆ ಅಣ್ಣನ ಸೈಕಲ್ ಮ್ಯಾಲೆ ಹೊಳಲ್ಕೆರೆಗೆ ಬಂದಿದ್ದೆ. ಅವಳನ್ನ ಮಲಗಿಸೋವಾಗ ಬೆನ್ನ ಮ್ಯಾಲೆ ಅದೇ ಬಡಿತ ತಟ್ಟಿ ಮಲಗಿಸ್ತಿದ್ದೆ. ಅವತ್ತು ಹೊರಡೋವಾಗ ಹೇಳಿ ಕಳಿಸ್ದೆ, ಅದು ಕೊನೆಗೆ ಬರ್ತೈತೆ, ಅದನ್ನ ಕೇಳ್ದೆ ಬರಬ್ಯಾಡ ಅಂತ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಜೊತೆಗಿದ್ದ ಹುಡುಗಿ ಹೇಳ್ತು. ಇಬ್ರೂ ಬಸ್ಸಿಗೆ ಹೊತ್ತಾತು ಅಂತ ಹೊರಗೆ ಬಂದ್ಬಿಟ್ಟಿದ್ರಂತೆ. ರಸ್ತೆ ಮ್ಯಾಲೆ ಇದ್ರಂತೆ. ಬಡಿತ ಕೇಳ್ತು, ಅವ್ವ ಕೇಳ್ಕಂಡೇ ಬಾ ಅಂದವ್ಳೆ ಕಣೆ ಅಂತ ಇವ್ಳು ಕೈ ಬಿಡಿಸ್ಕಂಡು ಓಡಿದ್ಲಂತೆ.”

ಆಮೇಲೆ ಅವಳು ನಮಗೆ ನೀರು ತಂದಳು. ನಾನು ಲೋಟ ತೆಗೆದುಕೊಂಡೆ. ಗಿರಿಯಣ್ಣ ತೆಗೆದುಕೊಳ್ಳಲಿಲ್ಲ.

“ಮೊದ್ಲು ಕೇಳು ತಾಯಿ, ಆಮ್ಯಾಲೆ ನೀರು ಕೊಡೋದಾದ್ರೆ ಕೊಡು” ಅಂದ. “ಅವತ್ತು ಹಾಡು ಶುರುವಾಗಿರ್ಲಿಲ್ಲ. ಜನ ಬೆದರಿದ್ರು. ಕುರಿ ಬೆದರಿದ್ರೆ ನಮ್ಮ ಕಡೆ ಹಂಗೇ ಬಡೀತೀವಿ, ಓಡಾವು ನಿಲ್ಲಲಿ ಅಂತ. ನಾನು ಅದನ್ನೇ ಬಡಿದೆ. ಹೊರಗಿರೋರು ಹಾಡು ಅಂದ್ಕಂಡ್ರು. ನಿನ್ ಮಗಳು ಬದುಕಿ ಹೊರಗಿದ್ಲು. ಒಳಗೆ ಕರೆದಿದ್ದು ನಾನೇ.”

ಯಲ್ಲಕ್ಕ ಲೋಟ ಹಿಡಿದುಕೊಂಡೇ ನಿಂತಿದ್ದಳು. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಕುರಿ ಆಗಿದ್ರೆ ಬದುಕ್ತಿದ್ವಾ?” ಅಂತ ಕೇಳಿದಳು.

“ಬದುಕ್ತಿದ್ವು.”

ಅವಳು ಲೋಟವನ್ನು ನೆಲದ ಮೇಲಿಟ್ಟು, ಗೋಡೆಗೆ ಒರಗಿ ಕೂತಳು. ಮಗಳ ಫೋಟೋ ನೋಡಿದಳು, ನಮ್ಮನ್ನು ನೋಡಲಿಲ್ಲ.

“ಕಳಿಸ್ದೋಳು ನಾನು, ಕರೆದೋರು ನೀವು” ಅಂದಳು. “ಇಬ್ರೂ ಒಂದೇ ಚಾಪೆ ಮ್ಯಾಲೆ ಕುಂತಿದೀವಿ. ಬೀಗ ಹಾಕ್ದೋನು ಮಾತ್ರ ಇಲ್ಲಿವರ್ಗೂ ಈ ಕಡೆ ಬಂದಿಲ್ಲ. ಶಾಲು ಕಳಿಸವ್ನೆ.”

ಎದ್ದು ಹೋಗಿ ಆ ಶಾಲು ತಂದು ನನ್ನ ಕೈಗೆ ಕೊಟ್ಟಳು. “ಇದನ್ನ ಅವನಿಗೇ ಕೊಟ್ಬಿಡ್ರಿ ಮೇಡಂ.” ಗಿರಿಯಣ್ಣನಿಗೆ ಏನೂ ಹೇಳಲಿಲ್ಲ. ಕ್ಷಮಿಸಿದೆ ಅನ್ನಲಿಲ್ಲ, ಹಾಳಾಗಿ ಹೋಗು ಅನ್ನಲೂ ಇಲ್ಲ. ಸಾವಿನ ಮನೆಯಿಂದ ಹೊರಡುವಾಗ ಬರುತ್ತೇವೆ ಅಂತ ಹೇಳುವ ಹಾಗಿಲ್ಲ. ಮಾತಿಲ್ಲದೆ ಎದ್ದು ಹೊರಗೆ ಬಂದೆವು. ನೀರಿನ ಲೋಟ ಅಲ್ಲೇ ಇತ್ತು. ಅವನು ಕುಡಿದಿರಲಿಲ್ಲ, ಅವಳು ಕುಡಿಯಿರಿ ಅಂತ ಮತ್ತೆ ಹೇಳಿರಲಿಲ್ಲ.

ಶಾಲನ್ನು ನಾನು ಎರ್ರಿಸ್ವಾಮಿಯ ಮೇಜಿನ ಮೇಲೆ ಬಿಸಾಕಿ ಬಂದೆ. ಯಲ್ಲಕ್ಕನ ಮನೆಯಲ್ಲಿ ಆದದ್ದನ್ನೆಲ್ಲ ಹೇಳಿ ಬಾಯಿಗೆ ಬಂದಂತೆ ಬೈದೆ. ಅವನು ಅದನ್ನೆಲ್ಲ ಕೇಳಿಸಿಕೊಂಡು, “ಅಂದ್ರೆ ಮೇಡಂ, ಡ್ರಮ್ ಕೇಳಿ ಜನ ವಾಪಸ್ ಬಂದ್ರು ಅಂತ ಅವ್ರೇ ಒಪ್ಕಂಡವ್ರೆ ಅನ್ನಿ” ಅಂದ. ಮಾರನೇ ವಾರದಿಂದ ಊರಿನ ಮಾತು ತಿರುಗಿತು. ಅವನ ವಕೀಲರು ಅದೇ ವಿಡಿಯೋ ಹಿಡಿದುಕೊಂಡು ಬೀಗಕ್ಕೂ ಸಾವಿಗೂ ಸಂಬಂಧವಿಲ್ಲ ಅನ್ನತೊಡಗಿದರು. ಹಾರ ಹಾಕಿದ್ದ ಜನವೇ ಗಿರಿಯಣ್ಣನನ್ನು ಕಂಡರೆ ಟೀ ಅಂಗಡಿಯಲ್ಲಿ ಮಾತು ನಿಲ್ಲಿಸುತ್ತಿದ್ದರು. ನಾನು ಹೇಳಿದ್ದೇ ಆಯಿತು. ಹೇಳಿದ್ದು ನಿಜವಾದಾಗ ಇಷ್ಟು ಸಂಕಟವಾಗುತ್ತದೆ ಅಂತ ಗೊತ್ತಿರಲಿಲ್ಲ.

ಚಿತ್ರದುರ್ಗದ ಕಾರ್ಯಕ್ರಮ ನಿಲ್ಲಲಿಲ್ಲ. ದಯಾನಂದ ನನ್ನ ಮನೆಗೆ ಬಂದು ಅತ್ತ. ಮುಂಗಡ ತಗೊಂಡಿದೀವಿ, ಹಾಡಲೇಬೇಕು ಅಂದ. ಡ್ರಮ್ಸ್ ಲ್ಯಾಪ್‌ಟಾಪಿನಿಂದ ಬರುತ್ತದೆ, ಹಳೆಯ ರೆಕಾರ್ಡಿಂಗ್ ಇದೆ, ಗಿರಿಯನಿಗೆ ಮೈ ಹುಷಾರಿಲ್ಲ ಅಂತ ನೀನು ಹೇಳಿಬಿಡು ಅಂದ. ನಿಮಗೆ ಬೇಕಾದ್ದು ನೀವೇ ಹೇಳಿಕೊಳ್ಳಿ ಅಂತ ಬಾಗಿಲು ಹಾಕಿಕೊಂಡೆ. ಕಾರ್ಯಕ್ರಮದ ಸಂಜೆ ಮದಕರಿಪುರಕ್ಕೆ ಹೋದೆ.

ಚಂದ್ರಕ್ಕ ಹೊಲದ ಬದುವಿನ ಮೇಲೆ ನಿಂತಿದ್ದಳು. ಗಿರಿಯಣ್ಣ ಇವತ್ತಿಗೂ ಬಿಡದೆ ಸಾಕುತ್ತಿರುವ ಕುರಿಗಳು ಇನ್ನೂ ಚದುರಿ ಮೇಯುತ್ತಿದ್ದವು. ಅವನು ಅವುಗಳ ನಡುವೆ ಓಡಾಡುತ್ತ, ಒಂದೊಂದರ ಬೆನ್ನಿಗೂ ಕೈ ಕೊಟ್ಟು ಕೊಟ್ಟು ಒಂದು ಕಡೆ ತರುತ್ತಿದ್ದ. ಒಂದನ್ನು ತರುವಷ್ಟರಲ್ಲಿ ಇನ್ನೊಂದು ಆಚೆ ಹೋಗುತ್ತಿತ್ತು.

“ದಿನಾ ಇದೇ ಆಗೈತೆ ನೋಡವ್ವ” ಅಂದಳು ಚಂದ್ರಕ್ಕ. “ಡಬ್ಬ ಅಟ್ಟದ ಮ್ಯಾಲೆ ಹಾಕವ್ರೆ. ಕತ್ತಲಾದ್ರೂ ಮುಗಿಯಲ್ಲ.”

ದುರ್ಗದ ಕಡೆಯಿಂದ ಗಾಳಿ ಬೀಸುತ್ತಿತ್ತು. ಸ್ಟೇಡಿಯಂನ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ದಯಾನಂದನ ದನಿ, ಜನರ ಕೂಗು. ಎರ್ರಿಸ್ವಾಮಿಗೆ ಕೊನೆಯವರೆಗೂ ಕಾಯುವ ತಾಳ್ಮೆ ಇರಲಿಲ್ಲವೇನೋ, ಇನ್ನೂ ಪೂರ್ತಿ ಕತ್ತಲಾಗುವ ಮುಂಚೆಯೇ ಅದು ಬಂತು. ದೊಡ್ಡ ದೊಡ್ಡ ಸ್ಪೀಕರುಗಳಲ್ಲಿ, ಗಿರಿಯಣ್ಣನೇ ಯಾವತ್ತೋ ಬಾರಿಸಿ ರೆಕಾರ್ಡ್ ಮಾಡಿದ್ದ ಮಂದೆ ಬಡಿತ, ಒಂದೇ ಸಮ.

ಕುರಿಗಳು ಮೇಯುವುದು ನಿಲ್ಲಿಸಿದವು. ಒಂದೊಂದಾಗಿ ತಲೆ ಎತ್ತಿದವು. ಮುಂದಿನ ಟಗರು ಊರಿನ ಕಡೆ ಮುಖ ತಿರುಗಿಸಿ ಹೆಜ್ಜೆ ಹಾಕಿತು. ಹಿಂದಿನವೆಲ್ಲ ಅದರ ಬೆನ್ನು ಹಿಡಿದವು. ಹೊಲದಾಚೆ ಇರುವುದು ಲಾರಿಗಳು ಓಡಾಡುವ ರಸ್ತೆ.

“ಅಯ್ಯೋ, ಡಬ್ಬ ತರ್ಲೇನ್ರೀ? ಬಡೀರಿ, ಬಂದ್ಬಿಡ್ತಾವೆ!” ಅಂತ ಚಂದ್ರಕ್ಕ ಕೂಗಿದಳು.

ಗಿರಿಯಣ್ಣ ಟಗರಿನ ಮುಂದೆ ಓಡಿ ಹೋಗಿ ಎರಡು ಕೈ ಅಗಲಿಸಿ ನಿಂತಿದ್ದ. ಭುಜ ಮೇಲೇಳುತ್ತಿರಲಿಲ್ಲ.

“ಬಡಿದ್ರೆ ಬಂದ್ಬಿಡ್ತಾವೆ ಕಣೇ” ಅಂದ. “ಅದಕ್ಕೇ ಬಡಿಯಲ್ಲ.”

ಚಂದ್ರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ನಾನೂ ಚಪ್ಪಲಿ ಬಿಟ್ಟು ಇಳಿದೆ. ಊರಲ್ಲಿ ಆ ಬಡಿತ ನಿಲ್ಲುವವರೆಗೂ ಮೂವರೂ ಕುರಿಗಳನ್ನು ಕೈಯಿಂದಲೇ ತಡೆದೆವು.